ಎಚ್ ಇಲ್ಲದ ಊರು

ತರಬೇತಿಯ ಮೊದಲ ದಿನ ಸರ್ವಮಂಗಳ ಬಾಯಿ ಬಿಟ್ಟು ಆಡಿದ್ದು ಎರಡೇ ಮಾತು. ಅದಾದ ಮೇಲೆ ಒಂಬತ್ತನೆಯ ದಿನದವರೆಗೆ ಅವಳ ದನಿ ಆ ಕೋಣೆಯಲ್ಲಿ ಕೇಳಲಿಲ್ಲ.

ಹುಣಸೂರು ಬಸ್ ನಿಲ್ದಾಣದ ಹಿಂದೆ, ಗೊಬ್ಬರದ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕಂಠಪ್ಪನ ಕಂಪ್ಯೂಟರ್ ಕೇಂದ್ರವಿತ್ತು. ಮೆಟ್ಟಿಲ ಗೋಡೆಗೆ ಅಂಟಿಸಿದ್ದ ಹಳದಿ ಕಾಗದದಲ್ಲಿ ‘ಹನ್ನೆರಡು ದಿನಗಳ ನೆಟ್‌ವರ್ಕಿಂಗ್ ಬೂಟ್ ಕ್ಯಾಂಪ್’ ಎಂದು ದಪ್ಪಗೆ ಬರೆದಿತ್ತು. ಬೆಳಿಗ್ಗೆ ಎಂಟಕ್ಕೆ ಕೂತರೆ ಸಂಜೆ ಆರರವರೆಗೆ ಏಳುವಂತಿಲ್ಲ. ಯಂತ್ರಗಳಿಗೆ ಧೂಳು ಹಿಡಿಯಬಾರದೆಂದು ಚಪ್ಪಲಿಗಳನ್ನು ಮೆಟ್ಟಿಲ ಮೇಲೇ ಬಿಡಬೇಕು. “ಎಸ್ರಿಗೆ ಬೂಟ್ ಕ್ಯಾಂಪು, ಒಳೀಕೆ ಬರೋಕೆ ಬರಿಗಾಲು” ಎಂದು ಸಾಲಿಗ್ರಾಮದ ಲಿಂಗರಾಜು ಬಂದ ದಿನವೇ ಎಲ್ಲರನ್ನೂ ನಗಿಸಿದ್ದ. ಬೂಟು ಹಾಕಿಕೊಂಡೇ ಒಳಗೆ ಬರುತ್ತಿದ್ದವನು ಒಬ್ಬನೇ, ಪಾಠ ಹೇಳುವ ನಟರಾಜು.

ನಟರಾಜು ದಿನಾ ಮೈಸೂರಿನಿಂದ ಬರುತ್ತಿದ್ದ. ಅವನ ಹುಟ್ಟೂರು ಕೆ.ಆರ್. ನಗರದ ಹೊಸ ಅಗ್ರಹಾರ. ಅದನ್ನು ಹೇಳಿದ್ದು ಕಂಠಪ್ಪ, ಅವನಲ್ಲ. ತನ್ನನ್ನು ‘ನ್ಯಾಟ್’ ಎಂದು ಕರೆಯಿರಿ ಎಂದು ಅವನು ಹಲಗೆಯ ಮೇಲೆ ಬರೆದೇ ತೋರಿಸಿದ್ದ.

ಮೊದಲ ದಿನ ಅವನು ಕಂಪ್ಯೂಟರುಗಳ ತಂತಿಗಳೆಲ್ಲ ಬಂದು ಸೇರುವ, ಮೇಜಿನ ಮೇಲಿದ್ದ ಚಪ್ಪಟೆ ಪೆಟ್ಟಿಗೆಯೊಂದನ್ನು ಎತ್ತಿ ಹಿಡಿದು, “ಇದೇನು, ಯಾರಿಗಾದರೂ ಗೊತ್ತಾ?” ಎಂದು ಕೇಳಿದ. ಎಂಟು ಜನರಲ್ಲಿ ಏಳು ಜನ ಮುಖ ಮುಖ ನೋಡಿಕೊಂಡರು. ಸರ್ವಮಂಗಳ ಬಿ.ಎಸ್ಸಿ. ಮುಗಿಸಿ ಪಿರಿಯಾಪಟ್ಟಣದ ಶಾಲೆಯೊಂದರಲ್ಲಿ ಎರಡು ವರ್ಷ ಕಂಪ್ಯೂಟರ್ ಪಾಠ ಹೇಳಿದವಳು. ಆ ಪೆಟ್ಟಿಗೆಯನ್ನು ಬಿಚ್ಚಿ ಒರೆಸಿ ಮತ್ತೆ ಮುಚ್ಚಿದವಳು.

“ಅಬ್ಬು ಸಾ” ಎಂದಳು.

ನಟರಾಜು ಕಿವಿಗೆ ಕೈ ಆನಿಸಿಕೊಂಡ. “ಏನಂದ್ರಿ? ಅಬ್ಬಾ? ಪೆಟ್ಟಿಗೆ ನೋಡಿ ಹೆದರಿಕೊಂಡ್ರಾ?”

ಎಲ್ಲರೂ ನಕ್ಕರು. ಲಿಂಗರಾಜುವೂ ನಕ್ಕ. ನಟರಾಜು ಹಾಜರಿ ಹಾಕುವ ಕಾಗದ ತೆಗೆದುಕೊಂಡು ಅವಳ ಬೆಂಚಿನವರೆಗೆ ಬಂದ. ಕಾಗದವನ್ನು ಅವಳ ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ ಇಳಿಬಿಟ್ಟ. “ಹಬ್. ಹ. ‘ಹ’ ಅಂದಾಗ ಈ ಕಾಗದ ಅಲ್ಲಾಡಬೇಕು. ಎಲ್ಲಿ, ಇನ್ನೊಂದು ಸಲ.”

ಅವಳು “ಹಬ್” ಎಂದಳು. ಕಾಗದ ಅಲ್ಲಾಡಿತು.

“ವೆರಿ ಗುಡ್” ಎಂದ ನಟರಾಜು, ಅಂಬೆಗಾಲಿಡುವ ಮಗು ಎದ್ದು ನಿಂತಾಗ ಹೇಳುವ ಹಾಗೆ.

‘ಹ’ ಅವಳಿಗೆ ಬಾರದೆ ಇರಲಿಲ್ಲ. ಓದುವಾಗ ಬರುತ್ತಿತ್ತು, ಮಾತಾಡುವಾಗ ಹೋಗುತ್ತಿತ್ತು, ಅಷ್ಟೇ. ಅವಳ ಅವ್ವನಿಗೆ, ಊರಿನವರಿಗೆ, ಬಸ್ಸಿನ ಕಂಡಕ್ಟರಿಗೆ, ಆ ಕೋಣೆಯಲ್ಲಿ ನಕ್ಕ ಏಳು ಜನಕ್ಕೂ ಅದು ಹಾಗೆಯೇ. ಸಿಟ್ಟು ಅವಳಿಗೆ ಬೇಗ ಬರುವಂಥದ್ದಲ್ಲ. ಬಂದರೆ ಬೇಗ ಹೋಗುವಂಥದ್ದೂ ಅಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆಯನ್ನು ಹೊರಗಿನಿಂದ ಮುಟ್ಟಿದರೆ ಬೆಚ್ಚಗಿರುತ್ತದೆ, ಅಷ್ಟೇ. ಒಳಗೆ ಸೊಪ್ಪು ಬಣ್ಣ ತಿರುಗುತ್ತಿರುತ್ತದೆ. ಅವಳು ಪುಸ್ತಕ ತೆರೆದು ಬರೆಯತೊಡಗಿದಳು. ಏನು ಕೇಳಿದರೂ ತಲೆಯಾಡಿಸಿದಳು, ಇಲ್ಲವೆ ಬರೆದು ತೋರಿಸಿದಳು. ಬಿಟ್ಟು ಹೋಗುವ ಹಾಗಿರಲಿಲ್ಲ.

ಅದಕ್ಕೆ ಕಾರಣವಿತ್ತು. ಪಿರಿಯಾಪಟ್ಟಣದ ತಂಬಾಕು ಹರಾಜು ಮಾರುಕಟ್ಟೆಯ ಕಂಪ್ಯೂಟರುಗಳನ್ನೆಲ್ಲ ಒಂದು ಜಾಲಕ್ಕೆ ಕಟ್ಟುವ ಕೆಲಸವನ್ನು ಮೈಸೂರಿನ ಗುತ್ತಿಗೆದಾರನೊಬ್ಬ ಹಿಡಿದಿದ್ದ. ಕಟ್ಟಿದ ಮೇಲೆ ಅಲ್ಲೇ ಇದ್ದು ನೋಡಿಕೊಳ್ಳುವವರು ಒಬ್ಬರು ಬೇಕಿತ್ತು. “ಸರ್ಟಿಫಿಕೇಟ್ ತಗೊಂಡು ಬನ್ನಿ. ಈ ತಿಂಗಳ ಕೊನೆವರೆಗೂ ಜಾಗ ಖಾಲಿ ಇಟ್ಟಿರ್ತೀನಿ” ಎಂದು ಅವನು ಸರ್ವಮಂಗಳಳಿಗೆ ಹೇಳಿದ್ದ. ಊರಿನಿಂದ ಒಂದೇ ಬಸ್ಸು. ಅವಳ ಅಪ್ಪ, ಅಜ್ಜ, ಊರ ಗಂಡಸರೆಲ್ಲ ಹೊಗೆಸೊಪ್ಪಿನ ಬೇಲು ಹೊತ್ತು ತಲೆ ತಗ್ಗಿಸಿ ಕಾದು ನಿಂತ ಆ ಮಾರುಕಟ್ಟೆಯಲ್ಲಿ ತನಗೊಂದು ಕುರ್ಚಿ, ತನ್ನ ಕೈಯಲ್ಲಿ ಆ ಜಾಲ. ಅದಕ್ಕಿಂತ ದೊಡ್ಡದೇನನ್ನೂ ಅವಳು ಬಯಸಿರಲಿಲ್ಲ.

ಸರ್ಟಿಫಿಕೇಟಿನ ಪರೀಕ್ಷೆ ಮೈಸೂರಿನಲ್ಲಿ, ಮುಂದಿನ ಶನಿವಾರ. ತರಬೇತಿಯ ಹನ್ನೆರಡನೆಯ ದಿನ ನಟರಾಜು ನಡೆಸುವ ಪ್ರಯೋಗದಲ್ಲಿ ಪಾಸಾದವರ ಹೆಸರುಗಳನ್ನು ಕಂಠಪ್ಪ ನಾಲ್ಕು ಗಂಟೆಯೊಳಗೆ ಅಲ್ಲಿಗೆ ಫ್ಯಾಕ್ಸ್ ಮಾಡಬೇಕು. ಹೆಸರು ಹೋಗದಿದ್ದರೆ ಮುಂದಿನ ಸರದಿ ದೀಪಾವಳಿ ಕಳೆದ ಮೇಲೆಯೇ.

ಇಬ್ಬಿಬ್ಬರಿಗೆ ಒಂದು ರೌಟರ್. ರೌಟರ್ ಎಂದರೆ ಒಂದು ಜಾಲದ ಮಾತನ್ನು ಇನ್ನೊಂದು ಜಾಲಕ್ಕೆ ದಾಟಿಸುವ ಪೆಟ್ಟಿಗೆ. ಸರ್ವಮಂಗಳಳ ಜೊತೆಗೆ ಬಿದ್ದವನು ಲಿಂಗರಾಜು. ಅವಳು ಮಾತಾಡದ್ದರಿಂದ ಇಬ್ಬರ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ. ಒಳಗಿನ ವಿಳಾಸಗಳನ್ನು ಹೊರಗಿನವರಿಗೆ ಕಾಣದಂತೆ ಬದಲಿಸಿ ಕಳಿಸುವ ಪಾಠ ಬಂದ ದಿನ, ಅದಕ್ಕೂ ‘ನ್ಯಾಟ್’ ಎಂದೇ ಹೆಸರೆಂದು ತಿಳಿದು ಅವನು ಅವಳ ಕಡೆ ಬಗ್ಗಿದ. “ಒಳಗಿನ ಊರು ಆಚೆಯೋರ್ಗೆ ಕಾಣ್ದಂಗೆ ಬ್ಯಾರೆ ವಿಳಾಸ ಆಕ್ಕೊಂಡು ತಿರುಗೋದ್ಕೇ ನ್ಯಾಟ್ ಅನ್ನಾದಂತೆ. ಸರ್ಯಾಗೇ ಎಸ್ರು ಮಡಿಕ್ಕಂಡವ್ನೆ ಕಣಮ್ಮಿ.” ಸರ್ವಮಂಗಳಳ ತುಟಿಯ ಕೊನೆ ಒಂದಿಷ್ಟು ಏರಿತು. ಅಷ್ಟಕ್ಕೇ ಲಿಂಗರಾಜು ಗೆದ್ದವನಂತೆ ಬೀಗಿದ.

ಒಂಬತ್ತನೆಯ ದಿನ ನಟರಾಜು ಪ್ರಯೋಗದ ನಿಯಮ ಹೇಳಿದ. ನಾಲ್ಕು ರೌಟರುಗಳಿಗೆ ನಾಲ್ಕು ಊರಿನ ಹೆಸರು, ಇಂಗ್ಲಿಷ್ ಅಕ್ಷರಗಳಲ್ಲಿ. ಅವನ ಮೇಜಿನ ಮೇಲಿನ ದೊಡ್ಡ ರೌಟರಿಗೆ ಹುಣಸೂರು ಎಂದು ಹೆಸರು. ಪ್ರತಿ ಊರೂ ಹುಣಸೂರಿನ ಬಾಗಿಲು ತಟ್ಟಿ ತನ್ನ ಹೆಸರು ಹೇಳಬೇಕು, ಗುಟ್ಟಿನ ಪದ ಒಪ್ಪಿಸಬೇಕು. ಹುಣಸೂರಿನ ಪಟ್ಟಿಯಲ್ಲಿ ಆ ಹೆಸರಿದ್ದು ಪದ ಹೊಂದಿದರೆ ಬಾಗಿಲು ತೆರೆಯುತ್ತದೆ. ಒಂದು ಅಕ್ಷರ ತಪ್ಪಿದರೂ ಇಲ್ಲ.

“ನಿಮ್ಮ ನಿಮ್ಮ ಊರು ಹೇಳಿ, ಬರ್ಕೋತೀನಿ” ಎಂದ.

ಮೊದಲ ಬೆಂಚಿನಿಂದ ಬಿಳಿಕೆರೆ ಎಂದರು. ಎರಡನೆಯದರಿಂದ ಚುಂಚನಕಟ್ಟೆ. ಮೂರನೆಯವನು ಎಚ್.ಡಿ. ಕೋಟೆ ಕಡೆಯವನು. “ಅಂಪಾಪುರ ಸಾ” ಎಂದ.

“ಹಂಪಾಪುರ” ಎಂದು ತಿದ್ದಿ ಬರೆದುಕೊಂಡ ನಟರಾಜು. “ಎಚ್ ತಿಂದು ಜೀರ್ಣ ಮಾಡ್ಕೊಳ್ಳೋ ತಾಲ್ಲೂಕು ಇದು. ನೆಕ್ಸ್ಟ್?”

ಸರ್ವಮಂಗಳ ಎಂಟು ದಿನಗಳ ಮೇಲೆ ಬಾಯಿ ತೆರೆದಳು. ತನ್ನ ಊರನ್ನು ಲಿಂಗರಾಜುವಿನ ಬಾಯಲ್ಲಿ ಹೇಳಿಸುವುದು ಅವಳಿಗೆ ಬೇಡವಾಗಿತ್ತು.

“ಅತ್ತಿಕೊಪ್ಪಲು.”

“ಹತ್ತಿ” ಎಂದ ನಟರಾಜು, ತಲೆಯೆತ್ತದೆ. “ಹ. ಹತ್ತಿಕೊಪ್ಪಲು. ಒಂಬತ್ತು ದಿನದಲ್ಲಿ ನಿಮಗೆ ನಾನು ಒಂದು ಅಕ್ಷರ ಕಲಿಸೋಕಾಗಲಿಲ್ಲ ನೋಡಿ.” ಕಾಗದದ ಮೇಲೆ ಅವನ ಪೆನ್ನು ಓಡಿತು.

ಇಲ್ಲ, ಅದು ಅತ್ತಿಯೇ ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಎಂದಿದ್ದರೆ ಅವನು ಮತ್ತೆ ಕಾಗದ ಹಿಡಿದುಕೊಂಡು ಬರುತ್ತಿದ್ದ. ಅವಳು ಪುಸ್ತಕದತ್ತ ಬಗ್ಗಿ ಕೂತಳು. ಅವನೇನು ಬರೆದುಕೊಂಡನೆಂದು ಎದ್ದು ಹೋಗಿ ನೋಡಲಿಲ್ಲ.

ಅಂದು ಸಂಜೆ ಬೆಟ್ಟದಪುರದ ಬಸ್ಸು ಅವಳನ್ನು ಎಂದಿನಂತೆ ಊರ ಬಾಗಿಲ ಅತ್ತಿಮರದ ಕೆಳಗೆ ಇಳಿಸಿತು. ಕಾಂಡಕ್ಕೇ ಗೊಂಚಲು ಗೊಂಚಲಾಗಿ ಕಾಯಿ ಅಂಟಿಸಿಕೊಂಡ ಮುದಿ ಮರ. ಊರಿಗೆ ಆ ಹೆಸರು ಬಂದದ್ದೇ ಅದರಿಂದ. ಅವ್ವ ಪುಟ್ಟಮಾದಮ್ಮ ಜಗಲಿಯ ಮೇಲೆ ಕೂತು ಹೊಗೆಸೊಪ್ಪಿನ ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟುತ್ತಿದ್ದಳು. ಅಂಟು ಹತ್ತಿ ಬೆರಳೆಲ್ಲ ಕಪ್ಪಗಾಗಿತ್ತು. ಮಗಳ ಮುಖ ನೋಡಿ, “ಯಾಕವ್ವ, ಅದೇ ಮೇಷ್ಟ್ರಾ?” ಎಂದಳು.

ಸರ್ವಮಂಗಳ ಕಡ್ಡಿಯ ಇನ್ನೊಂದು ತುದಿ ಹಿಡಿದು ಕೂತು ನಡೆದದ್ದನ್ನು ಹೇಳಿದಳು.

“ಅತ್ತಿಯಾ? ನಮ್ಮೂರಲ್ಲಿ ಅತ್ತಿ ಯಾರವ್ವ ಬೆಳ್ದವ್ರೆ? ಒಗೆಸೊಪ್ಪು ಬುಟ್ರೆ ರಾಗಿ. ಅತ್ತಿಮರ ಐತೆ, ಅತ್ತಿಕೊಪ್ಪಲು” ಎಂದಳು ಅವ್ವ. ದೀಪದ ಬತ್ತಿಗೆ ಬೇಕಾದದ್ದೂ ಅವಳಿಗೆ ಅತ್ತಿ, ಊರ ಬಾಗಿಲಲ್ಲಿ ನಿಂತದ್ದೂ ಅತ್ತಿ. ಒಂದನ್ನು ಇನ್ನೊಂದೆಂದು ಅವಳು ಒಂದು ದಿನವೂ ತಪ್ಪು ತಿಳಿದವಳಲ್ಲ. “ಅತ್ತಿ ಅಣ್ಣು ಬಿಚ್ಚುದ್ರೆ ಬರೀ ಉಳ ಅಂತಾರಲ್ಲ, ಆವಪ್ಪ ಅಂಗೇ ಕಣ್ ಬುಡು. ಎದ್ರು ಮಾತಾಡಿ ನಿನ್ನ ಕೆಲ್ಸ ಕೆಡಿಸ್ಕಬ್ಯಾಡ.”

ಹನ್ನೆರಡನೆಯ ದಿನ ಒಂದು ಗಂಟೆಗೆ ಪ್ರಯೋಗ ಶುರುವಾಯಿತು. ಸರ್ವಮಂಗಳಳ ಬೆರಳು ಕೀಲಿಗಳ ಮೇಲೆ ತಡವರಿಸಲಿಲ್ಲ. ರೌಟರಿಗೆ ಊರಿನ ಹೆಸರಿಟ್ಟಳು, ವಿಳಾಸ ಕೊಟ್ಟಳು, ಗುಟ್ಟಿನ ಪದ ಹೊಡೆದಳು. ಎರಡೂವರೆಗೆ ಬಿಳಿಕೆರೆಯ ಬಾಗಿಲು ತೆರೆಯಿತು. ಆಮೇಲೆ ಚುಂಚನಕಟ್ಟೆ. ಮೂರಕ್ಕೆ ಹಂಪಾಪುರ. ಮೂರು ಬೆಂಚಿನವರೂ ಕೈ ಕಟ್ಟಿ ಕೂತರು. ಅವಳ ಪರದೆಯ ಮೇಲೆ ಮಾತ್ರ ಒಂದೇ ಸಾಲು ಮತ್ತೆ ಮತ್ತೆ ಬರುತ್ತಿತ್ತು. ಸೀರಿಯಲ್ ಅಪ್, ಲೈನ್ ಪ್ರೋಟೋಕಾಲ್ ಡೌನ್. ತಂತಿ ಸರಿಯಿದೆ, ಮಾತು ಹತ್ತುತ್ತಿಲ್ಲ.

“ಪದ ತಪ್ ಒಡ್ದಿದ್ದೀವೇನೋ” ಎಂದು ಲಿಂಗರಾಜು ಪಿಸುಗುಟ್ಟಿದ. ಅವಳು ಅಳಿಸಿ ಮತ್ತೆ ಹೊಡೆದಳು. ಇಲ್ಲ. ತಂತಿ ಕಿತ್ತು ಸಿಕ್ಕಿಸಿದಳು. ಇಲ್ಲ. ಲಿಂಗರಾಜುವಿನ ಹಣೆಯಲ್ಲಿ ಬೆವರು ಮೂಡಿತು. ಅವನಿಗೂ ಸೀಟು ಬೇಕಿತ್ತು. ಮೂರು ವರ್ಷದಿಂದ ಅವನು ಭಾವನ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ ಪದವೀಧರ.

ಹುಣಸೂರಿನ ರೌಟರ್ ಏನು ಉತ್ತರ ಕೊಡುತ್ತಿದೆ ಎಂದು ಸರ್ವಮಂಗಳ ಒಂದೊಂದೇ ಸಾಲು ಬಿಡಿಸಿ ನೋಡಿದಳು. ಗುಟ್ಟಿನ ಪದ ತಪ್ಪಿದ್ದರೆ ಬರುವ ಉತ್ತರವೇ ಬೇರೆ. ನಾಲ್ಕನೆಯ ದಿನ ಅದನ್ನು ಪುಸ್ತಕದಲ್ಲಿ ಗುರುತು ಹಾಕಿಕೊಂಡಿದ್ದಳು. ಇಲ್ಲಿ ಆ ಉತ್ತರವಿರಲಿಲ್ಲ. ಆಚೆಯವನು ಪದವನ್ನು ನೋಡುವಷ್ಟು ದೂರವೂ ಬಂದಿಲ್ಲ. ಹೆಸರು ಕೇಳಿದವನೇ ಬಾಗಿಲು ಹಾಕಿಕೊಳ್ಳುತ್ತಿದ್ದಾನೆ.

ಹೆಸರು. ಕಾಗದದ ಮೇಲೆ ತಲೆಯೆತ್ತದೆ ಓಡಿದ ಪೆನ್ನು ಅವಳ ಕಣ್ಣ ಮುಂದೆ ಬಂತು. ಮೈಯೆಲ್ಲ ಕಾದ ಹಾಗಾಯಿತು.

ಅವಳು ಎದ್ದು ನಿಂತಳು. “ಸಾ, ತಪ್ಪು ನಿಮ್ಮ ಕಡೆ ಇದೆ. ಪಟ್ಟಿಯಲ್ಲಿ ನಮ್ಮ ಊರಿನ ಎಸ್ರು ಒಂದ್ಸಲ ನೋಡಿ.”

ನಟರಾಜು ಪೇಪರಿನಿಂದ ಮುಖ ತೆಗೆದ. “ಓ, ಮಾತು ಬರುತ್ತಾ? ನನ್ನ ರೌಟರ್ ಮೂರು ಊರಿನ ಜೊತೆ ಮಾತಾಡ್ತಿದೆ. ನಿಮ್ಮ ಜೊತೆ ಮಾತ್ರ ಆಡ್ತಿಲ್ಲ ಅಂದ್ರೆ ತಪ್ಪು ಯಾರದ್ದು? ಟೆಸ್ಟ್ ಟೈಮಲ್ಲಿ ನಾನು ನನ್ನ ಸ್ಕ್ರೀನ್ ಮುಟ್ಟಲ್ಲ. ಕೂತ್ಕೊಳ್ಳಿ.”

“ನೀವು ಎಚ್ ಆಕಿದ್ದೀರಿ. ನಮ್ಮ ಊರಿಗೆ ಎಚ್ ಇಲ್ಲ.”

“ನಿಮ್ಮ ಊರಿಗೆ ಇದೆಯಮ್ಮ. ನಿಮ್ಮ ಬಾಯಿಗಿಲ್ಲ.”

ಈ ಸಲ ಯಾರೂ ನಗಲಿಲ್ಲ. ಗೋಡೆಯ ಗಡಿಯಾರದಲ್ಲಿ ಮೂರು ಮೂವತ್ತೈದು.

ಲಿಂಗರಾಜು ಅವಳ ಸೆರಗಿನ ತುದಿ ಜಗ್ಗಿ ಕೂರಿಸಿದ. ಈ ಎರಡು ವಾರದಲ್ಲಿ ಮೊದಲ ಸಲ ಅವನ ದನಿಯಲ್ಲಿ ಕುಚೋದ್ಯವಿರಲಿಲ್ಲ. “ನೋಡಮ್ಮಿ, ಅವ್ನ್ ಕಡೆ ಎಚ್ ಐತೆ. ನಾವೂ ಒಂದ್ ಎಚ್ ಆಕ್ಬುಟ್ರೆ ಮುಗೀತು. ಅರ್ಧ ನಿಮಿಷದ್ ಕೆಲ್ಸ. ಎತ್ತು ಈಯ್ತು ಅಂದ್ರಾ, ಕೊಟ್ಗೆಗೆ ಕಟ್ಟು ಅನ್ನು. ಸರ್ಟಿಫಿಕೇಟ್ ಬಂದ್ಮೇಲೆ ಅವ್ನ್ಯಾರು, ನಾವ್ಯಾರು.”

ಅವನು ಹೇಳಿದ್ದು ನಿಜ. ಒಂದು ಅಕ್ಷರ ಒತ್ತಿದರೆ ಇಬ್ಬರ ಹೆಸರೂ ಮೈಸೂರಿಗೆ ಹೋಗುತ್ತದೆ. ಒತ್ತದಿದ್ದರೆ ಇಬ್ಬರದೂ ಇಲ್ಲ. ಸರ್ವಮಂಗಳಳಿಗೆ ನಟರಾಜುವಿನ ಮೇಲಿದ್ದಷ್ಟೇ ಸಿಟ್ಟು ತನ್ನ ಮೇಲೂ ಬಂತು. ಮೂರು ದಿನದ ಹಿಂದೆ ಎದ್ದು ಹೋಗಿ ಆ ಕಾಗದ ನೋಡಿದ್ದರೆ ಆಗಿತ್ತು. ಸುಮ್ಮನಿರುವುದನ್ನು ತಾನು ಮರ್ಯಾದೆ ಎಂದುಕೊಂಡಿದ್ದಳು. ಅವನು ಅದನ್ನು ಒಪ್ಪಿಗೆ ಎಂದು ಬರೆದುಕೊಂಡಿದ್ದ.

ಅವಳು ಕೀಲಿಮಣೆ ಎಳೆದುಕೊಂಡು ಎಚ್ ಒತ್ತಿದಳು. ಹೆಸರು ಹತ್ತಿಕೊಪ್ಪಲು ಎಂದಾಯಿತು. ಹೊಸ ಹೆಸರು ಹುಣಸೂರಿಗೆ ಮುಟ್ಟಲೆಂದು ತಂತಿಯ ದಾರಿ ಮುಚ್ಚಿ ತೆರೆದಳು. ಮೂರು ಕ್ಷಣ. ಲೈನ್ ಪ್ರೋಟೋಕಾಲ್ ಅಪ್.

ಲಿಂಗರಾಜು ಬೆಂಚು ಗುದ್ದಿದ. ನಟರಾಜು ತನ್ನ ಪರದೆಯತ್ತ ಓರೆಗಣ್ಣಿನಿಂದ ನೋಡಿ ಮೀಸೆಯಲ್ಲೇ ನಕ್ಕ. “ನೋಡಿದ್ರಾ? ಪದ ತಪ್ಪು ಹೊಡೆದಿದ್ರಿ, ಸುಮ್ಮನೆ ನನ್ನ ಮೇಲೆ ಹಾಕಿದ್ರಿ. ಪಾಸ್.” ಅಂಕಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡ.

ಅಷ್ಟಕ್ಕೆ ಬಿಟ್ಟಿದ್ದರೂ ಅವಳು ಬಿಡುತ್ತಿದ್ದಳೇನೋ. ‘ಪದ ತಪ್ಪು’ ಎಂಬ ಮಾತು ಅವಳ ಕೈಯನ್ನು ಮತ್ತೆ ಕೀಲಿಮಣೆಗೆ ತಂದಿತು. ಎಚ್ ತೆಗೆದಳು. ದಾರಿ ಮುಚ್ಚಿ ತೆರೆದಳು. ಡೌನ್. ನಟರಾಜುವಿನ ಯಂತ್ರ ಕುಂಯ್ ಎಂದಿತು. ಎಚ್ ಹಾಕಿದಳು. ಅಪ್. ತೆಗೆದಳು. ಡೌನ್. ಕೋಣೆಯಲ್ಲಿ ಕೀಲಿಗಳ ಸದ್ದು, ಕುಂಯ್ ಸದ್ದು. ಹಂಪಾಪುರದವನು ಎದ್ದು ಬಂದು ಅವಳ ಬೆನ್ನ ಹಿಂದೆ ನಿಂತ. ಬಿಳಿಕೆರೆಯವರು ಬಂದರು. “ಗುಟ್ಟಿನ ಪದ ಮುಟ್ಟೇ ಇಲ್ಲ ಕಣ್ಲಾ, ಬರೀ ಎಸ್ರು” ಎಂದ ಒಬ್ಬ. ಮತ್ತೆ ಹಾಕಿದಳು, ಮತ್ತೆ ತೆಗೆದಳು. ಐದನೆಯ ಸಲ ಡೌನ್ ಆದಾಗ ಹಾಗೆಯೇ ಬಿಟ್ಟು ಕೈ ಮಡಿಲಲ್ಲಿಟ್ಟುಕೊಂಡಳು.

“ಅಯ್ಯೋ ಅಮ್ಮಿ, ಅದ್ಯಾಕ್ ಕೆಡ್ಸಿದ್ದೀಯ” ಎಂದ ಲಿಂಗರಾಜು, ಅಳುವ ದನಿಯಲ್ಲಿ.

ಫ್ಯಾಕ್ಸಿನ ಕೋಣೆಯಿಂದ ಕಂಠಪ್ಪ ಇಣುಕಿದ. “ಏನ್ರಪ್ಪಾ ಗಲಾಟೆ? ಅತ್ನಿಮಿಷ ಐತೆ ಅಷ್ಟೆ.”

“ನೀವ್ ಆ ಕಡೆಯೋರು, ಏಳಿ ಕಂಠಪ್ಪಣ್ಣ” ಎಂದ ಹಂಪಾಪುರದವನು. “ಬೆಟ್ಟದಪುರದತ್ರ ಇರೋದು ಅತ್ತಿಕೊಪ್ಪಲೋ, ಹತ್ತಿಕೊಪ್ಪಲೋ?” ‘ಹ’ವನ್ನು ಅವನು ಎದೆಯಿಂದ ಎಳೆದು ತಂದು ಹೇಳಿದ.

“ಅತ್ತಿಮರ ಇರೋ ಕೊಪ್ಪಲು ಕಣಪ್ಪ. ಅತ್ತಿ ಎಲ್ಲಿಂದ ಬಂತು ಅಲ್ಲಿ?”

ಎಲ್ಲರೂ ನಟರಾಜುವಿನ ಕಡೆ ತಿರುಗಿದರು. ಅವನ ಮುಖ ಕೆಂಪಾಗಿತ್ತು. ಅವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಜರುಗಿಸಿ, ಬೇರೆಯವರಿಗೆ ಕೇಳದಷ್ಟು ತಗ್ಗಿದ ದನಿಯಲ್ಲಿ ಹೇಳಿದ: “ಆಯ್ತು ಬುಡವ್ವ. ಎಚ್ ಆಕ್ಬುಡು, ಪಾಸ್ ಬರ್ದಿವ್ನಿ. ಯಾಕ್ ಸುಮ್ಕೆ ದೊಡ್ದು ಮಾಡ್ತೀಯ.”

ಸರ್ವಮಂಗಳ ಅವನ ಬಾಯಿಯನ್ನೇ ನೋಡಿದಳು. ಆ ‘ಬುಡು’ ಅಲ್ಲಿ ಎಷ್ಟು ಸಲೀಸಾಗಿ ಕೂತಿತ್ತೆಂದರೆ, ಅವಳ ಸೋದರಮಾವನೇ ಮಾತಾಡಿದ ಹಾಗಿತ್ತು. ಹನ್ನೆರಡು ದಿನ ಅದನ್ನು ಎಲ್ಲಿಟ್ಟಿದ್ದ? ತಾನು ಅಬ್ಬು ಎಂದ ದಿನ ಎಲ್ಲಿತ್ತು? ಅವಳ ಬಾಯಿ ಮುಚ್ಚಿಸಲು ಬೇಕಾದಾಗ ಮಾತ್ರ ಹೊರಗೆ ಬಂತು. ಅವಳ ಸಿಟ್ಟು ಅಲ್ಲಿಯವರೆಗೆ ಅವನ ‘ಹ’ದ ಮೇಲಿತ್ತು. ಈಗ ಆ ‘ಬುಡು’ವಿನ ಮೇಲೆ ಇನ್ನೂ ಹೆಚ್ಚಾಗಿ ತಿರುಗಿತು.

“ಎಚ್ ತೆಗೆಯಬೇಕಾದದ್ದು ನೀವು ಸಾ” ಎಂದಳು, ಎಲ್ಲರಿಗೂ ಕೇಳುವಂತೆ. “ಹೊತ್ತಾಗ್ತಾ ಇದೆ.” ಆ ‘ಹೊ’ ಪುಸ್ತಕದಲ್ಲಿರುವಷ್ಟು ಚೊಕ್ಕವಾಗಿತ್ತು.

ಮೂರು ಐವತ್ತೆರಡು. ಲಿಂಗರಾಜು ಕಣ್ಣು ಮುಚ್ಚಿಕೊಂಡು ಕೂತಿದ್ದ. ನಟರಾಜು ಎದ್ದು ತನ್ನ ಮೇಜಿಗೆ ಹೋದ. ಬೂಟಿನ ಸದ್ದು ನಾಲ್ಕೇ ಹೆಜ್ಜೆ. ಹಳೆಯ ಹೆಸರು ಅಳಿಸಿ ಹೊಸದನ್ನು ಹೊಡೆದ. ಸರ್ವಮಂಗಳ ದಾರಿ ಮುಚ್ಚಿ ತೆರೆದಳು. ಅತ್ತಿಕೊಪ್ಪಲು, ಅಪ್.

ಅವನು ಅಂಕಪಟ್ಟಿಯಲ್ಲಿ ಊರಿನ ಹೆಸರಿನ ಎಚ್ಚನ್ನು ಹೊಡೆದುಹಾಕಿ, ಸಹಿ ಮಾಡಿ, ಅವಳತ್ತ ಚಾಚಿದ. ಅವಳು ಅದನ್ನು ಕಂಠಪ್ಪನಿಗೆ ಕೊಡಲಿಲ್ಲ. ಎರಡು ಬೆರಳಲ್ಲಿ ಮೇಲಿನ ಅಂಚು ಹಿಡಿದು, ನಟರಾಜುವಿನ ಬಾಯಿಯ ಮುಂದೆ ಒಂದು ಗೇಣು ದೂರದಲ್ಲಿ ಇಳಿಬಿಟ್ಟಳು.

“ನಮ್ಮ ಊರಿನ ಹೆಸರು ಹೇಳಿ ಸಾ. ಕಾಗದ ಅಲ್ಲಾಡಬಾರದು.”

ಕಂಠಪ್ಪ ಬಾಗಿಲಲ್ಲೇ ನಿಂತ. ಕೆಳಗೆ ಗೊಬ್ಬರದ ಮೂಟೆ ಇಳಿಸುವವರ ಕೂಗು ಕೇಳುತ್ತಿತ್ತು. ನಾಲ್ಕು ಗಂಟೆ ಹೊಡೆದರೂ ಅವಳ ಕೈ ಕೆಳಗಿಳಿಯುವುದಿಲ್ಲವೆಂದು ಲಿಂಗರಾಜುವಿಗೂ ಗೊತ್ತಾಯಿತು, ನಟರಾಜುವಿಗೂ ಗೊತ್ತಾಯಿತು.

“ಅತ್ತಿಕೊಪ್ಪಲು” ಎಂದ ನಟರಾಜು.

‘ಪ್ಪ’ ಎನ್ನುವಾಗ ಕೆಳಗಿನ ಅಂಚು ಒಂದು ಎಳ್ಳಷ್ಟು ಮಿಸುಕಿತು. ಅಷ್ಟನ್ನು ಅವಳು ಬಿಟ್ಟುಕೊಟ್ಟಳು.

ಕಾಗದ ಫ್ಯಾಕ್ಸ್ ಯಂತ್ರದೊಳಗೆ ಹೋಗುವಾಗ ಮೂರು ಐವತ್ತೊಂಬತ್ತು. ಲಿಂಗರಾಜು ಎಲ್ಲರ ಬೆನ್ನು ತಟ್ಟುತ್ತ, “ಎಚ್ ಇಲ್ದಿರೋ ಊರು ಕಣ್ರಲಾ ನಮ್ದು” ಎಂದು ಕುಣಿದಾಡುತ್ತಿದ್ದ. ಮೊದಲ ದಿನ ನಕ್ಕವರೇ ಈಗಲೂ ನಗುತ್ತಿದ್ದರು. ಅವರ ಜೊತೆ ನಗಲು ಸರ್ವಮಂಗಳಳಿಗೆ ಮನಸ್ಸಾಗಲಿಲ್ಲ. ಪುಸ್ತಕ ಚೀಲಕ್ಕೆ ಹಾಕಿ ಹೊರಗೆ ಬಂದು, ಮೆಟ್ಟಿಲ ಮೇಲಿನ ರಾಶಿಯಲ್ಲಿ ತನ್ನ ಚಪ್ಪಲಿ ಹುಡುಕಿದಳು. ಅದರ ಉಂಗುಷ್ಠಕ್ಕೆ ಬೆರಳು ಸೇರಿಸುವಾಗ ಎರಡು ಸಲ ತಪ್ಪಿತು. ಗೋಡೆ ಹಿಡಿದುಕೊಂಡು ಮೂರನೆಯ ಸಲ ಮೆಟ್ಟಿ, ಕೆಳಗಿಳಿದಳು.